ಪ್ರೇಮಕುಮಾರನ ಕಬ್ಜಾ ಪ್ರಕರಣ

ಹೆಣ್ಣಿನ ಮನೆಯಲ್ಲಿ ಊಟಕ್ಕೆ ಕೂತ ಗಂಡು ಹೋಳಿಗೆ ತಿನ್ನಲು ಮಾತ್ರ ಬಾಯಿ ತೆರೆಯಬೇಕು. ಇಂಡಿಯಿಂದ ಬಸವನ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರೇಮಕುಮಾರನಿಗೆ ನಾನು ಇದನ್ನೇ ಹೇಳಿದ್ದೆ. ಅವನು ಹೂಂಗುಟ್ಟುತ್ತಲೇ ಇದ್ದ. ಕಂಡಕ್ಟರು ಟಿಕೆಟ್ ಕೇಳಿದಾಗಲೂ ಹೂಂ ಅಂದ.

ನಾನು ಗುರಣ್ಣ. ಇಂಡಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ. ಅದರ ಗೋಡೆಗೆ ಗೋಡೆ ಹಚ್ಚಿ ಪ್ರೇಮಕುಮಾರನ ಇಂಟರ್ನೆಟ್ ಅಂಗಡಿ. ತಂದೆಯಿಲ್ಲದ ಹುಡುಗ, ತಾಯಿ ಸುಂದರವ್ವ ಬಂದು, "ಗುರಣ್ಣ, ನಿಶ್ಚಯಕ್ಕ ನೀನ ಹಿರ್ಯಾ ಆಗಿ ಬಾಪಾ" ಅಂದಳು. ಹಿರಿಯನಾಗಲು ಯಾರೇ ಕರೆದರೂ ನಾನು ಬೇಡ ಅನ್ನುವವನಲ್ಲ.

ಊಟದ ಮಧ್ಯೆ ಹೆಣ್ಣಿನ ತಂದೆ ಧರೆಪ್ಪನವರು ಸಹಜವಾಗಿ ಕೇಳಿದರು: "ಅಳಿಯಂದ್ರ, ನಿಮ್ಮ ಅಂಗಡ್ಯಾಗ ಏನೇನ್ ಕೆಲಸ ಆಗತಾವು?"

ರೈಲ್ವೆ ಟಿಕೆಟ್, ಪರೀಕ್ಷೆಯ ಫಲಿತಾಂಶ, ಅರ್ಜಿ ತುಂಬುವುದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ವಿಜಯಶ್ರೀ ನಿಂತಿದ್ದಳು. ಆ ಹುಡುಗಿಯ ಫೋಟೋ ನೋಡಿದ ದಿನದಿಂದ ನಮ್ಮ ಹುಡುಗನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಬಂದು ನನ್ನ ಹೊಲಿಗೆಯನ್ನೇ ಬೈದಿದ್ದ.

"ನಾ ಕುಂತಲ್ಲೇ ಮೂರು ತಾಲೂಕು ಕಾಣತಾವ್ರಿ ಮಾವಾರ," ಅಂದ ಪ್ರೇಮಕುಮಾರ. "ನಮ್ಮೂರ ಬಸಂತರಾಯರ ಲಿಂಬಿಕಾಯಿ, ಸಿಂದಗಿ ಹಾಜಿಮಲಂಗ ಚಾಚಾರ ಬ್ಯಾಂಡು, ಮುದ್ದೇಬಿಹಾಳ ಇಂದ್ರಾಬಾಯಿಯವರ ರೊಟ್ಟಿ. ಮೂರಕ್ಕೂ ಇಂಟರ್ನೆಟ್ಟಿನ್ಯಾಗ ಪುಟ ಮಾಡಿದಾಂವ ನಾನ. ಅವನ್ನ ಯಾರ್ ನೋಡಿದ್ರು, ಯಾ ಊರಾವ್ರು, ಎಷ್ಟೊತ್ತು ನಿಂತ್ರು, ಎಲ್ಲಾ ಲೆಕ್ಕ ನನಗ ಕಾಣತೈತಿ."

"ಭೇಷ್. ಹಂಗಾರ ಅವರೆಲ್ಲ ನಿಮ್ಮ ಗಿರಾಕಿ."

"ಇದ್ರು. ಹ್ವಾದ ವರ್ಷ ವಿಜಾಪುರದ ಒಂದು ಕಂಪನಿ ಬಂತು, ಮೂರೂ ಮಂದಿ ನನ್ನ ಬಿಟ್ಟು ಅಲ್ಲಿ ಹೋದ್ರು."

"ಬಿಟ್ಟು ಹ್ವಾದ ಮ್ಯಾಲ ನಿಮಗ ಹ್ಯಾಂಗ ಕಾಣತೈತಿ?"

"ಲೆಕ್ಕ ನೋಡೂ ಮಂದ್ಯಾಗ ನನ್ನ ಹೆಸರ ಹಂಗ ಉಳದೈತ್ರಿ. ಯಾರೂ ತಗದಿಲ್ಲ. ದಿನಾ ಮುಂಜಾನೆ ಚಾ ಕುಡಕೋತ ನೋಡತೇನಿ."

ಧರೆಪ್ಪನವರು ಬಾಯಿಗೆ ಒಯ್ದಿದ್ದ ಹೋಳಿಗೆಯನ್ನು ತಾಟಿಗೆ ಇಳಿಸಿದರು. ಅವರು ಕೋರ್ಟಿನ ಬೇಲೀಫ್ ಆಗಿ ನಿವೃತ್ತರಾದವರು. ಬಿಡು ಅಂದರೂ ಮನೆ ಬಿಡದವರನ್ನು ಹೊರಗೆ ಹಾಕಿ, ಮಾಲೀಕನ ಕೈಗೆ ಚಾವಿ ಕೊಟ್ಟು, ಪಂಚನಾಮೆ ಬರೆಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಜಗತ್ತಿನ ಜನ ಅವರ ಕಣ್ಣಿಗೆ ಎರಡೇ ಜಾತಿ: ಕಬ್ಜಾ ಬಿಟ್ಟವರು, ಬಿಡದವರು.

"ಬಾಡಿಗಿ ಮನಿ ಬಿಟ್ಟ ಮ್ಯಾಲೂ ಚಾವಿ ಕಿಸೇದಾಗ ಇಟಗೊಂಡು, ದಿನಾ ಮುಂಜಾನೆ ಹೋಗಿ ಅವರ ಅಡಗಿಮನಿ ನೋಡಿ ಬರಾಂವಗ ಏನಂತಾರ್ರಿ?"

"ನಾ ಏನೂ ಮುಟ್ಟಿಲ್ರಿ ಮಾವಾರ. ಬರೇ ನೋಡೇನಿ."

"ಎಲ್ಲಾರೂ ಹಿಂಗ ಅಂತಾರ," ಅಂದು ಧರೆಪ್ಪನವರು ಕೈ ತೊಳೆದರು. "ನಾಳೆ ನನ್ನ ಮಗಳ ಮನೀದೂ ಹಿಂಗ ಆಗಬಾರದು. ಮೂರೂ ಮಾಲಕರ ಮುಂದ ನಿಂತು ಕಬ್ಜಾ ಬಿಟ್ಟುಕೊಡ್ರಿ. ನಾನೂ ಬರತೇನಿ. ಪಂಚನಾಮೆ ಆದ ಮ್ಯಾಲ ಮದಿವಿ, ಅಕ್ಕಿಕಾಳು. ಇಲ್ಲಂದ್ರ ಈ ಸಂಬಂಧ ಇಲ್ಲೇ ಮುಗೀತು."

ಸುಂದರವ್ವ ಹೆಣ್ಣಿಗೆ ಉಡಿಸಲು ತಂದ ಸೀರೆ ಗಂಟಿನಲ್ಲೇ ಉಳಿಯಿತು. ವಿಜಯಶ್ರೀ ಬಾಗಿಲ ಮರೆಯಿಂದ ಪ್ರೇಮಕುಮಾರನನ್ನು ಒಮ್ಮೆ ನೋಡಿ, ತಂದೆಯನ್ನು ಎರಡು ಸಲ ನೋಡಿ ಒಳಗೆ ಹೋದಳು.

"ಹೋಗಲಿ, ನೀನ ನಿನ್ನ ಹೆಸರ ಅಳಿಸಿಬಿಡಲ್ಲೋ" ಅಂತ ಬಸ್ಸಿನಲ್ಲಿ ನಾನು ಕೇಳಿದೆ.

"ಅದು ಬರೂದಿಲ್ಲ ಕಾಕಾ. ಒಳಗ ಇದ್ದಾಂವ ತಾನಾಗಿ ಹೊರಗ ಬೀಳಾಕ ಬರೂದಿಲ್ಲ. ಮಾಲಕನ ಕೈಲೆ ಅಳಿಸಬೇಕು."

ಇಂಥ ವ್ಯವಸ್ಥೆಯನ್ನು ನಾನು ಮದುವೆಯಲ್ಲಿ ಮಾತ್ರ ಕಂಡಿದ್ದೆ.

ಮರುದಿನವೇ, ಅಂಗಡಿ ತೆರೆಯುವ ಮೊದಲೇ, ಧರೆಪ್ಪನವರು ಇಂಡಿಗೆ ಬಂದಿಳಿದರು. ಮೊದಲು ಮಾಡಿದ ಕೆಲಸವೆಂದರೆ ಪ್ರೇಮಕುಮಾರನ ಅಂಗಡಿಗೆ ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ, ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದ್ದು. ನಿವೃತ್ತಿಯಾದರೂ ಅರಗಿನ ಕಡ್ಡಿ ಅವರ ಕಿಸೆ ಬಿಟ್ಟಿರಲಿಲ್ಲ. "ಪ್ರಕರಣ ಮುಗಿಯೂತನಕ ಇದು ಹಿಂಗ ಇರಲಿ" ಅಂದರು. ಓಣಿಯ ಮಂದಿ ಗುಂಪುಗೂಡಿ, ಹುಡುಗ ಏನು ಮಾಡಿದ ಅಂತ ನನ್ನನ್ನು ಕೇಳಿದರು. ನೋಡಿದ ಅಂದೆ. ಏನು ನೋಡಿದ ಅಂದರು. ರೊಟ್ಟಿ ಅಂದೆ. ರೊಟ್ಟಿ ನೋಡಿದ್ದಕ್ಕೆ ಅಂಗಡಿ ಸೀಲಾಯಿತು ಅನ್ನುವ ಸುದ್ದಿ ಸಂತೆ ಮುಗಿಯುವುದರೊಳಗೆ ಅಗರಖೇಡ ಮುಟ್ಟಿತು.

ಬಸಂತರಾಯರ ಲಿಂಬೆ ಅಡತಿಗೆ ನಾವು ಮೂವರೂ ಹೋದೆವು. ಸಾಕ್ಷಿಗೆ ಒಬ್ಬ ಪಂಚ ಬೇಕು ಅಂತ ನನ್ನನ್ನೂ ಕರೆದುಕೊಂಡಿದ್ದರು. ಅಡತಿಯ ಮೇಲೆ ಹೊಸ ಬೋರ್ಡು ನಿಂತಿತ್ತು: 'ಬೆಂಗಳೂರು ಮೆಚ್ಚಿದ ಇಂಡಿ ಲಿಂಬೆ.' ವರ್ಷದಿಂದ ಅವರ ಪುಟವನ್ನು ದಿನವೂ ಬೆಂಗಳೂರಿನವರು ನೋಡುತ್ತಿದ್ದಾರೆಂದು ಲೆಕ್ಕ ಹೇಳುತ್ತಿತ್ತು. ಹೀಗಾಗಿ ಬಸಂತರಾಯರು ಲಿಂಬೆಯ ರಾಶಿಯ ನಡುವೆ ಕೂತರೂ ವಿಧಾನಸೌಧದ ಮೆಟ್ಟಿಲ ಮೇಲೆ ಕೂತವರ ಗತ್ತಿನಲ್ಲಿ ಇರುತ್ತಿದ್ದರು.

ಧರೆಪ್ಪನವರು ಬಾಗಿಲಲ್ಲಿ ನಿಂತು, "ಬಸಂತರಾಯರು ಹಾಜರದಾರೇನು" ಅಂತ ಮೂರು ಸಲ ಕೂಗಿದರು. ರಾಯರು ಅವರ ಕಾಲ ಬುಡದಲ್ಲೇ ಕೂತಿದ್ದರು.

ವಿಷಯ ಕೇಳಿ ರಾಯರ ಮುಖ ಕೆಂಪಾಯಿತು. "ಏನೋ ಪ್ರೇಮ್ಯಾ, ಬಿಟ್ಟು ವರ್ಷಾದ್ರೂ ನೀ ಇನ್ನೂ ನನ್ನ ಮನ್ಯಾಗ ಅದಿ?"

"ಮೂಲ್ಯಾಗ ಅದೇನ್ರಿ ಸಾವಕಾರ್ರ. ನಿಮಗ ಏನೂ ತ್ರಾಸ ಕೊಟ್ಟಿಲ್ಲ."

"ಅನಿಲ, ತಗೀ ಇವನ ಹೆಸರ" ಅಂತ ರಾಯರು ಮಗನಿಗೆ ಕೂಗಿದರು. ಅನಿಲ ಕಂಪ್ಯೂಟರಿನ ಮುಂದೆ ಕೂತು ಬೆರಳು ಎತ್ತಿದ. ಇನ್ನೇನು ಒತ್ತಬೇಕು, ರಾಯರು ಅವನ ಕೈ ಹಿಡಿದರು. "ತಡಿ. ನಾಳೆ ಅಮಾಸಿ. ಅಮಾಸಿ ಮುಂದ ಮನ್ಯಾಗಿಂದ ಯಾರನ್ನೂ ಹೊರಗ ಹಾಕಬಾರದು. ಪಾಡ್ಯಾದ ದಿನ ಬರ್ರಿ, ಮುಂಜಾನೇನ ಹಾಕೂಣು."

ನಾನು ಗೊಣಗಿದೆ. ಧರೆಪ್ಪನವರಿಗೆ ಮಾತ್ರ ಇದು ಹಿಡಿಸಿತು. ಮುಂದಿನ ತಾರೀಖು ಬೀಳದ ಪ್ರಕರಣವನ್ನು ಅವರು ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

ಮರುದಿನ ಸಿಂದಗಿ. ಹಾಜಿಮಲಂಗರ ಬ್ಯಾಂಡಿನವರು ಸುಡು ಬಿಸಿಲಿನಲ್ಲಿ ಜರಿ ಪಟ್ಟಿಯ ಕೆಂಪು ಕೋಟು ತೊಟ್ಟು ಅಂಗಳದಲ್ಲಿ ತಾಲೀಮು ನಡೆಸಿದ್ದರು. ಆ ಕೋಟುಗಳನ್ನು ಹೊಲಿದವನು ನಾನೇ. ಬೇಸಿಗೆಗೆ ತೆಳು ಬಟ್ಟೆ ಸಾಕು ಅಂದರೆ ಅವರು ಕೇಳಿರಲಿಲ್ಲ. ಅವರನ್ನೂ ಬೆಂಗಳೂರು ನೋಡುತ್ತಿತ್ತು. ಯಾವ ಗಳಿಗೆಯಲ್ಲಿ ಕರೆ ಬರುತ್ತದೋ ಅಂತ ಕಹಳೆಯವನು ಊಟಕ್ಕೂ ಕೋಟು ಬಿಚ್ಚುತ್ತಿರಲಿಲ್ಲ.

ಹಾಜಿಮಲಂಗರು ನಗುತ್ತಲೇ ಕಂಪ್ಯೂಟರ್ ತೆರೆಸಿದರು. "ಹೋಗಾಂವಗ ಬ್ಯಾಡ ಅನ್ನಬಾರದು ಬೇಟಾ. ಬಾಜಾ ಊದಿ ಕಳಸ್ತೇವಿ." ಅಷ್ಟರಲ್ಲಿ ಅವರ ಕಣ್ಣು ಲೆಕ್ಕದ ಮೇಲೆ ಬಿತ್ತು. ನಗು ನಿಂತಿತು. ಹಿಂದಿನ ದಿನ ಒಬ್ಬನೇ ಒಬ್ಬ ಬಂದಿರಲಿಲ್ಲ. ದೊಡ್ಡ ಸೊನ್ನೆಯೊಂದು ಪರದೆಯ ನಡುವೆ ಕೂತಿತ್ತು.

ಆಗಲೇ ಪ್ರೇಮಕುಮಾರನ ಮೊಬೈಲು ಬಡಿದುಕೊಂಡಿತು. ಬಸಂತರಾಯರ ದನಿ ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಿತ್ತು. "ಪ್ರೇಮ್ಯಾ, ನೀ ಹೊರಗ ಹೋಗತೇನಿ ಅಂದದ್ದ ತಡ, ಬೆಂಗಳೂರು ಬರೂದ ಬಿಟ್ಟೈತಿ. ಒಂದು ನರಪಿಳ್ಳಿ ಇಲ್ಲ. ನೀ ಎಲ್ಲೂ ಹೋಗಬ್ಯಾಡ. ನಿನ್ನ ಕೈಗುಣ ನಮಗ ಗೊತ್ತಾಗಿರಲಿಲ್ಲೋ ತಮ್ಮಾ."

ಕೈಗುಣ. ಈ ಮಾತು ಹುಟ್ಟಿದರೆ ನಮ್ಮ ಕಡೆ ಮುಂದೆ ಯಾವ ಬುದ್ಧಿಯೂ ನಡೆಯುವುದಿಲ್ಲ. ಒಬ್ಬಳು ಹೆಪ್ಪು ಹಾಕಿದರೆ ಮೊಸರು ಗಟ್ಟಿ, ಒಬ್ಬ ಕಟ್ಟಿದರೆ ಎಮ್ಮೆ ಹಾಲು ಕೊಡುತ್ತದೆ. ಪ್ರೇಮಕುಮಾರ ಮೂಲೆಯಲ್ಲಿ ಕೂತು ನೋಡುತ್ತಿದ್ದುದರಿಂದಲೇ ಬೆಂಗಳೂರು ಬರುತ್ತಿತ್ತು ಅನ್ನುವುದರಲ್ಲಿ ಹಾಜಿಮಲಂಗರಿಗೆ ಸಂಶಯ ಉಳಿಯಲಿಲ್ಲ. ಅವರು ಕಂಪ್ಯೂಟರ್ ಆರಿಸಿ, ಅದರ ಮೇಲೆ ಜರಿಯ ಬಟ್ಟೆ ಹೊದಿಸಿ, "ಬೇಟಾ, ನೀ ಹೋಗಂಗಿಲ್ಲ" ಅಂದರು.

"ಅವರು ಕಬ್ಜಾ ಬಿಡತಾರ, ನೀವು ತಗೋಬೇಕು" ಅಂದರು ಧರೆಪ್ಪನವರು.

"ನಾ ತಗೋಳಂಗಿಲ್ರಿ."

"ಮಾಲಕ ಕಬ್ಜಾ ತಗೋಳಂಗಿಲ್ಲ ಅನ್ನಾಕ ಕಾಯದೇದಾಗ ಇಲ್ಲ."

"ಕಾಯದೇದಾಗ ಬ್ಯಾಂಡೂ ಇಲ್ಲ ಸಾಹೇಬ್ರ," ಅಂದು ಹಾಜಿಮಲಂಗರು ಕಹಳೆಯವನಿಗೆ ಸನ್ನೆ ಮಾಡಿದರು. ಮುಂದೆ ಧರೆಪ್ಪನವರು ಹೇಳಿದ್ದೇನೂ ನನಗೆ ಕೇಳಿಸಲಿಲ್ಲ.

ತಾಳಿಕೋಟೆ ದಾಟಿ ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಇಂದ್ರಾಬಾಯಿ ಬಾಗಿಲಲ್ಲೇ ಆರತಿ ಹಿಡಿದು ನಿಂತಿದ್ದರು. ಇವರು ಊರ ಗಿರಾಕಿಗಳಿಗೆ ರೊಟ್ಟಿ ಕೊಡುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಕೇಳಲು ಬಂದವರಿಗೆ, "ಇವು ಬೆಂಗಳೂರಿನವು" ಅನ್ನುತ್ತಿದ್ದರು. ಕಡಕ್ ರೊಟ್ಟಿಯ ಡಬ್ಬಿಗಳು ಮನೆಯ ಛತ್ತಿನ ತನಕ ಏರಿ, ಬೆಂಗಳೂರಿನ ದಾರಿ ಕಾಯುತ್ತಿದ್ದವು.

"ಅಕ್ಕಾರ, ನನ್ನ ಹೆಸರ ತಗದುಬಿಡ್ರಿ. ನನ್ನ ಮದಿವಿ ನಿಂತೈತಿ" ಅಂದ ಪ್ರೇಮಕುಮಾರ.

"ನಿನ್ನ ಮದಿವಿ ನಿಂತ್ರ ಇನ್ನೊಂದು ಹುಡಿಗಿ ಸಿಗತಾಳಪಾ. ಬೆಂಗಳೂರು ನಿಂತ್ರ ಈ ರೊಟ್ಟಿ ಯಾರ ತಿನ್ನಬೇಕು?"

ಧರೆಪ್ಪನವರು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ಕೈಯಲ್ಲಿ ಬರೆಯದ ಪಂಚನಾಮೆ ಹಾಗೇ ಇತ್ತು. "ಬಿಡಲಾರದವರನ್ನ ಎಷ್ಟೋ ಮಂದೀನ ಹೊರಗ ಹಾಕೇನಿ ಬೀಗರ" ಅಂತ ನನ್ನ ಕಡೆ ತಿರುಗಿ ಅಂದರು. "ಬಿಡತೇನಿ ಅಂದ್ರೂ ಬಿಡಗೊಡದ ಮಾಲಕರನ್ನ ಇವತ್ತ ಕಂಡೆ." ಮನುಷ್ಯ ನಿಜಕ್ಕೂ ನೊಂದಿದ್ದರು. ಇಂದ್ರಾಬಾಯಿ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಮಾತ್ರ ಚೊಕ್ಕವಾಗಿ ತಿಂದರು.

ಪಾಡ್ಯದ ಮುಂಜಾನೆ ಅರಗು ಒಡೆದು ಅಂಗಡಿ ತೆರೆದೆವು. ಹಿಂದೆಯೇ ಓಣಿಯಲ್ಲಿ ಕಹಳೆ ಕೇಳಿಸಿತು. ಹಾಜಿಮಲಂಗರು ಬ್ಯಾಂಡಿನೊಂದಿಗೆ, ಇಂದ್ರಾಬಾಯಿ ರೊಟ್ಟಿಯ ಬುಟ್ಟಿಯೊಂದಿಗೆ, ಬಸಂತರಾಯರು ಲಿಂಬೆಯ ಹಾರದೊಂದಿಗೆ ಒಳಗೆ ಬಂದರು. ಲಿಂಬೆಯ ಹಾರ ದೇವಿಗೆ ಹಾಕುವಂಥದ್ದು. ಅವರು ಪ್ರೇಮಕುಮಾರನಿಗೆ ತಂದಿದ್ದರು.

"ವಿಜಾಪುರದ ಕಂಪನೀನ ಬಿಟ್ಟೇವಿ" ಅಂದರು ಬಸಂತರಾಯರು. "ಇವತ್ತಿನಿಂದ ಮೂರೂ ಮಂದಿ ಮತ್ತ ನಿನ್ನ ಗಿರಾಕಿ. ನೀ ಒಳಗ ಇರಬೇಕು, ದಿನಾ ನೋಡಬೇಕು. ಅಷ್ಟ."

ಧರೆಪ್ಪನವರ ಮುಖ ಅರಳಿತು. "ಹೊಸಾ ಕರಾರು ಆತಂದ್ರ ಕಬ್ಜಾ ಕಾಯದೇಶೀರ. ಪ್ರಕರಣ ಖಲಾಸ್. ಅಳಿಯಂದ್ರ, ಅಕ್ಕಿಕಾಳಿಗೆ ದಿನಾ ನೋಡೂಣು."

ಹೀಗೆ ಗಿರಾಕಿಯೂ ಬಂದರು, ಹುಡುಗಿಯೂ ಬಂದಳು. ಹುಡುಗಿ ಅಕ್ಷರಶಃ ಬಂದಳು. ಅದೇ ದಿನ ವಿಜಯಶ್ರೀಯ ಬಿ.ಎ. ಫಲಿತಾಂಶವಿತ್ತು. "ಅಪ್ಪಾರ, ನಿಮ್ಮ ಕೇಸ್ ಮುಗಿಯೂತನಕ ನನ್ನ ರಿಸಲ್ಟ್ ಕಾಯೂದಿಲ್ಲ" ಅನ್ನುತ್ತ ಬಾಗೇವಾಡಿಯ ಬಸ್ಸಿನಿಂದ ಇಳಿದವಳೇ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು.

ಬಸಂತರಾಯರು ಹಾರ ಎತ್ತಿದರು. ಪ್ರೇಮಕುಮಾರ ಕೊರಳು ಬಗ್ಗಿಸಿದ.

"ಇದೇನ್ರಿ" ಅಂದಳು ವಿಜಯಶ್ರೀ. "ನಾ ರಿಸಲ್ಟ್ ನೋಡಾಕ ತೆರದ್ರ ರೊಟ್ಟಿ ಬಂತು."

"ಶುಭ ಶಕುನ" ಅಂದರು ಇಂದ್ರಾಬಾಯಿ.

ವಿಜಯಶ್ರೀ ಎದ್ದು ಪಕ್ಕದ ಕಂಪ್ಯೂಟರಿಗೆ ಹೋದಳು. ಅಲ್ಲಿ ಬ್ಯಾಂಡು ಬಂತು. ಅದರಾಚೆಯದನ್ನು ತೆರೆದಳು. ಲಿಂಬೆಕಾಯಿ ಬಂತು. ಅವಳು ತಿರುಗಿ ಪ್ರೇಮಕುಮಾರನನ್ನು ನೋಡಿದಳು. "ಇಲ್ಲಿ ಕುಂತಾವ್ರಿಗೆಲ್ಲ ಮೊದಲ ಇವ ಬರತಾವೇನ್ರಿ?"

"ಹೌದ್ರಿ. ಯಾರ್ ತೆರದ್ರೂ ಮೊದಲ ಇವ ಬರೂ ಹಂಗ ಮಾಡೇನಿ. ಗಿರಾಕಿಗಳಿಗೆ ಪ್ರಚಾರ ಆಗಲಿ ಅಂತ ಆವಾಗ ಮಾಡಿದ್ದು, ಮತ್ತ ತಗಿಯೂದು ಮರತೆ. ಹಿಂಗಾಗಿ ಟಿಕೀಟ ತಗಸಾಕ ಬಂದಾವ್ರೂ, ರಿಸಲ್ಟ್ ನೋಡಾಕ ಬಂದಾವ್ರೂ ಮೊದಲ ಇವನ್ನ ನೋಡಿ..."

ಮಾತು ಅರ್ಧಕ್ಕೆ ನಿಂತಿತು. ಅಂಗಡಿಗೆ ಬೀಗ ಬಿದ್ದದ್ದು, ಪುಟಗಳ ಲೆಕ್ಕ ಸೊನ್ನೆಯಾದದ್ದು ಒಂದೇ ದಿನ ಅನ್ನುವುದು ಅವನ ತಲೆಗೆ ಆಗ ಹೊಳೆಯಿತು. ನನಗೆ ಅವನಿಗಿಂತ ತುಸು ಮೊದಲು ಹೊಳೆದಿತ್ತು. ನಾನು ಅವನ ಕಾಲು ತುಳಿದೆ. ಇನ್ನೂ ತುಳಿದೆ. ಮೂರು ಗಿರಾಕಿ, ಒಬ್ಬ ಹೆಂಡತಿ, ಒಂದು ಹಾರ. ಬಾಯಿ ಮುಚ್ಚಿಕೊಂಡರೆ ಎಲ್ಲವೂ ಅವನದೇ. ಆದರೆ ವಿಜಯಶ್ರೀ ಅವನ ಮುಖವನ್ನೇ ನೋಡುತ್ತಿದ್ದಳು.

"ಕಾಕಾ, ಕಾಲ ತಗೀರಿ" ಅಂದ ಪ್ರೇಮಕುಮಾರ. ಹಾರವನ್ನು ಬಸಂತರಾಯರ ಕೈಗೇ ಒತ್ತಿದ. "ಸಾವಕಾರ್ರ, ಚಾಚಾ, ಅಕ್ಕಾರ, ನನಗೂ ಈಗ ತಿಳೀತು. ನಿಮ್ಮ ಪುಟಕ್ಕ ಬರತಿದ್ದ ಮಂದಿ ಈ ಮೂರು ಕುರ್ಚಿ ಮ್ಯಾಲ ಕುಂತಾವ್ರು. ಅಂಗಡಿ ಮುಚ್ಚಿತು, ಮಂದಿ ನಿಂತ್ರು. ನನ್ನ ಕೈಯಾಗ ಯಾ ಗುಣಾನೂ ಇಲ್ಲ."

"ಮತ್ತ ಬೆಂಗಳೂರು?" ಬಸಂತರಾಯರ ದನಿ ಸಣ್ಣಗಾಗಿತ್ತು.

"ನಮ್ಮ ಟೆಲಿಫೋನ್ ತಂತಿ ಬೆಂಗಳೂರ ಮ್ಯಾಲ ಹಾದು ಹೋಗತೈತಿ. ಅದಕ್ಕ ಲೆಕ್ಕದಾಗ ಬೆಂಗಳೂರಂತ ಬೀಳತೈತಿ. ಬಂದಾವ್ರು ಸಾಲೋಟಗಿ, ಅಗರಖೇಡದಾವ್ರ."

ಕಹಳೆಯವನು ವರ್ಷದಲ್ಲಿ ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದ.

"ಅಯ್ಯ ನನ್ನ ಶಿವನ" ಅಂದರು ಇಂದ್ರಾಬಾಯಿ. "ಬಾಗಿಲಿಗೆ ಬಂದ ಊರ ಮಂದಿಗೆ ಇಲ್ಲ ಅಂದು ಕಳಿಸಿದೆನಲ್ಲೋ."

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಮೂವರೂ ಒಂದೇ ಕಂಪ್ಯೂಟರಿಗೆ ಮುಗಿಬಿದ್ದರು. ಇವನ ಹೆಸರನ್ನು ಮೊದಲು ನಾನು ಅಳಿಸುತ್ತೇನೆ, ನಾನು ಅಳಿಸುತ್ತೇನೆ ಅಂತ ಜಗಳ. ಧರೆಪ್ಪನವರು ಬಾಗಿಲಲ್ಲಿ ನಿಂತು ಸರದಿಯ ಪ್ರಕಾರ ಹೆಸರು ಕೂಗಿ ಒಬ್ಬೊಬ್ಬರನ್ನೇ ಬಿಟ್ಟರು. ಬಸಂತರಾಯರು ಗುಂಡಿಯನ್ನು ಲಿಂಬೆಕಾಯಿ ಹಿಚುಕುವಷ್ಟು ಜೋರಾಗಿ ಒತ್ತಿದರು. ಮೂರೂ ಕಡೆಯಿಂದ ಪ್ರೇಮಕುಮಾರ ಹೊರಬಿದ್ದ. ಪಂಚನಾಮೆಗೆ ನಾನು ಸಹಿ ಹಾಕಿದೆ.

ಧರೆಪ್ಪನವರು ಕಾಗದ ಮಡಚಿ ಕಿಸೆಗಿಟ್ಟು ಅಳಿಯನ ಭುಜ ಹಿಡಿದರು. "ಸುಮ್ಮನಿದ್ದಿದ್ರ ಎಲ್ಲಾ ಸಿಗತಿತ್ತು. ಸುಮ್ಮನಿರಲಿಲ್ಲ ನೀವು. ನನಗ ಭಾಳ ಸಂತೋಷ ಆತು." ಅವರ ಕಣ್ಣು ಒದ್ದೆಯಾಗಿದ್ದವು. ವಿಜಯಶ್ರೀ ಎರಡನೇ ದರ್ಜೆಯಲ್ಲಿ ಪಾಸಾಗಿದ್ದಳು. ಅದನ್ನು ಅವಳು ಪ್ರೇಮಕುಮಾರನಿಗೆ ಮೊದಲು ಹೇಳಿದಳು, ತಂದೆಗೆ ಆಮೇಲೆ.

ಸಿಟ್ಟು ಇಳಿದ ಮೇಲೆ ಮೂವರಿಗೂ ಚಿಂತೆ ಹತ್ತಿತು. ನಾಳೆ ನಿಜವಾಗಿ ಯಾರಾದರೂ ಬಂದರೆ ನೋಡುವವರು ಯಾರು? ವಿಜಾಪುರದ ಕಂಪನಿ ವರ್ಷವಿಡೀ ಬೆಂಗಳೂರನ್ನು ತೋರಿಸಿಯೇ ಹೊಗಳಿಸಿಕೊಂಡಿತ್ತು. ಪರರ ಮನೆಯ ಚಾವಿಯನ್ನು ಒಂದು ದಿನವೂ ಇಟ್ಟುಕೊಳ್ಳದ ಮನುಷ್ಯ ಬೇಕು. ಮೂವರೂ ಒಟ್ಟಿಗೆ ಧರೆಪ್ಪನವರ ಕಡೆ ತಿರುಗಿದರು.

"ನನಗ ಬ್ಯಾಡ್ರಿ" ಅಂದರು ಅವರು. ಅರೆಗಳಿಗೆ ಬಿಟ್ಟು, "ತಂಟೆ ಇದ್ದ ಆಸ್ತಿ ಕಾಯಾಕ ಕೋರ್ಟು ರಿಸೀವರ್ ನೇಮಸ್ತೈತಲ್ಲ, ಆ ರೀತಿ ಬೇಕಾದ್ರ..." ಅಂದರು. ಪ್ರೇಮಕುಮಾರನ ಹೆಸರಿದ್ದ ಜಾಗದಲ್ಲಿ ಮೂರೂ ಕಡೆ ಧರೆಪ್ಪನವರ ಹೆಸರು ಏರಿತು. ಲೆಕ್ಕ ನೋಡುವುದು ಹೇಗೆಂದು ಅಳಿಯನೇ ಕಲಿಸಿಕೊಟ್ಟ.

ಮದುವೆ ಬಾಗೇವಾಡಿಯಲ್ಲಿ. ಹಾಜಿಮಲಂಗರ ಬ್ಯಾಂಡು ಬಂದಿತ್ತು. ಇಂದ್ರಾಬಾಯಿ ಅಡುಗೆಗೆ ನಿಂತಿದ್ದರು. ಭಟ್ಟರು ಅಕ್ಕಿಕಾಳು ಹಂಚಿದರು. ಆಗ ನೋಡಿದರೆ ಹೆಣ್ಣಿನ ತಂದೆ ಇಲ್ಲ. ಹಿತ್ತಲು, ಅಡುಗೆಮನೆ, ಗಂಡಿನವರು ಇಳಿದ ಮನೆ, ಎಲ್ಲಿಯೂ ಇಲ್ಲ. ಸುಂದರವ್ವ ಅಳಲು ಶುರುಮಾಡಿದಳು. ಮದುಮಗ ಬಾಸಿಂಗ ಕಟ್ಟಿಕೊಂಡವನು ಹಾಗೆಯೇ ಓಡಿದ, ಹಿಂದೆ ನಾನು, ನನ್ನ ಹಿಂದೆ ಸೀರೆ ಎತ್ತಿಕೊಂಡು ವಿಜಯಶ್ರೀ.

ಬಸ್ ಸ್ಟ್ಯಾಂಡಿನ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಧರೆಪ್ಪನವರು ತಲೆಗೆ ಜರಿ ಪಟಗಾ ಸುತ್ತಿಕೊಂಡು ಕೂತಿದ್ದರು. ಮೂಗು ಪರದೆಗೆ ತಾಗುತ್ತಿತ್ತು.

"ಮಾವಾರ, ಮುಹೂರ್ತ ಮೀರಾಕತ್ತೈತಿ. ಇಲ್ಲಿ ಕುಂತು ನೋಡಾಕತ್ತೀರಿ?"

"ನೋಡಾಕತ್ತಿಲ್ಲ, ಕಾಯಾಕತ್ತೇನಿ. ನಿನ್ನೆ ಪುಣೆದಾಂವ ಒಬ್ಬಾಂವ ರೊಟ್ಟಿ ಹತ್ರ ಭಾಳೊತ್ತು ನಿಂತಿದ್ದ. ಏನೂ ತಗೊಳ್ಳಾರದ ಹೋಗ್ಯಾನ. ಇವತ್ತ ಬರದ ಇರಾಂಗಿಲ್ಲ."

"ಅಪ್ಪಾರ, ಎದ್ದು ಬರತೀರೋ, ಪಂಚರನ್ನ ಕರಸ್ಲೋ?" ಅಂದಳು ವಿಜಯಶ್ರೀ.

ಆ ಮಾತಿಗೆ ಎದ್ದರು. ಪಟಗಾ ಸರಿಮಾಡಿಕೊಂಡರು. ಬಾಗಿಲ ತನಕ ಹೋದವರು ಪರದೆಯ ಕಡೆ ಒಮ್ಮೆ ನೋಡಿ, ತಿರುಗಿ ಬಂದು, ಪ್ರೇಮಕುಮಾರನ ತೋಳು ಹಿಡಿದು ಆ ಕುರ್ಚಿಯ ಮೇಲೆ ಕೂಡಿಸಿದರು.

"ಅಳಿಯಂದ್ರ, ನಾ ಹೋಗಿ ಅಕ್ಕಿಕಾಳು ಹಾಕಿ ಬರತೇನಿ. ಅಲ್ಲೀತನಕ ನೀವು ಇಲ್ಲೇ ಕುಂಡ್ರಿ."

ಪ್ರೇಮಕುಮಾರ ಬಾಸಿಂಗ ಹಿಂದಕ್ಕೆ ಸರಿಸಿಕೊಂಡು ಕೂತೇಬಿಟ್ಟ.